ಸಂಜೆ ಆದ್ರೆ ಮನೆಗೆ ಹೋಗಣ ಅಂತಾಳೆ, ನಾವು ಮನೇಲೇ ಇದೀವಿ. ಏನಂತ ಹೇಳ್ಲಿ?

ಚಿಂತಾಮಣಿ_ಕಂಡಕ್ಟರ್

ಎಲ್ರಿಗೂ ನಮಸ್ಕಾರ. ನಾನು ಚಿಂತಾಮಣಿಯೋನು, ಸಾರಿಗೆ ಸಂಸ್ಥೇಲಿ ಕಂಡಕ್ಟರ್ ಆಗಿದ್ದೆ, ರಿಟೈರ್ ಆಗಿ ಒಂಬತ್ತು ವರ್ಷ. ನನಗೀಗ 69, ನಮ್ಮನೆಯೋಳಿಗೆ 65. ಮೊಬೈಲಲ್ಲಿ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಸರಿ ಮಾಡ್ಕೊಂಡು ಓದಿ.

ಇವಳಿಗೆ ಮರೆವಿನ ಕಾಯಿಲೆ. ಶುರುವಾಗಿ ಮೂರು ವರ್ಷದ ಮೇಲಾಯ್ತು. ಮೊದಲು ಸಾರಿಗೆ ಎರಡೆರಡು ಸಲ ಉಪ್ಪು ಹಾಕೋಳು, ಇನ್ನೊಂದಿನ ಹಾಕೋದೇ ಇಲ್ಲ, ನಾನು ರೇಗ್ತಿದ್ದೆ. ಒಂದಿನ ಹಾಲು ಉಕ್ಕಿ ಒಲೆ ಆರೋಗಿ ಗ್ಯಾಸ್ ಸೋರ್ತಾ ಇದೆ ಇವಳು ಅದೇ ಅಡುಗೆಮನೇಲಿ ನಿಂತ್ಕೊಂಡು ಕಿಟಕಿ ಕಡೆ ನೋಡ್ತಿದಾಳೆ, ಅವತ್ತು ನನಗೆ ಗಾಬರಿ ಆಯ್ತು. ಇಲ್ಲಿ ಒಬ್ರು ಡಾಕ್ಟ್ರು ವಯಸ್ಸಾದ್ಮೇಲೆ ಇದೆಲ್ಲ ಇದ್ದದ್ದೇ ಅಂತ ವಿಟಮಿನ್ ಮಾತ್ರೆ ಬರ್ಕೊಟ್ರು, ಅದರಲ್ಲೇ ಒಂದು ವರ್ಷ ಕಳ್ದೋಯ್ತು. ಆಮೇಲೆ ನಿಮ್ಹಾನ್ಸ್‌ಗೆ ಕರ್ಕೊಂಡೋದೆ, ಸ್ಕ್ಯಾನ್ ಎಲ್ಲ ಮಾಡಿ ಅಲ್ಜೈಮರ್ಸ್ ಅಂದ್ರು. ಡೊನೆಪೆಜಿಲ್ ಅಂತ ಮಾತ್ರೆ ನಡೀತಿದೆ, ರಾತ್ರಿ ಊಟ ಆದ್ಮೇಲೆ ಒಂದು. ನಿದ್ದೆ ಮಾಡಲ್ಲ ಅಂತ ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ಅವಿಲ್ ಕೂಡ ಕೊಡ್ತಿದೀನಿ, ಒಂದು ತಿಂಗಳಾಯ್ತು.

ಈಗ ವಿಷಯಕ್ಕೆ ಬರ್ತೀನಿ. ಬೆಳಿಗ್ಗೆ ಹೊತ್ತು ಪರವಾಗಿಲ್ಲ, ಹೇಳಿದ್ ಕೇಳ್ತಾಳೆ, ಸ್ನಾನ ಮಾಡಿಸ್ಕೊತಾಳೆ. ಸಂಜೆ ಐದೂವರೆ ಆಯ್ತು ಅಂದ್ರೆ ಶುರು, ಸೆರಗು ಸುತ್ತಿ ಸೊಂಟಕ್ಕೆ ಸಿಗಿಸ್ಕೊಂಡು ಬಾಗಿಲ ಹತ್ರ ನಿಲ್ತಾಳೆ, 'ಇಂಟಿಕಿ ಪೋದಾಂ ಪದ' ಅಂತಾಳೆ, ಮನೆಗೆ ಹೋಗಣ ನಡಿ ಅಂತ. ಇವಳ ತವರು ಚೇಳೂರು ಕಡೆ, ಮನೇಲಿ ತೆಲುಗು. ಮದುವೆ ಆಗಿ ನಲವತ್ತಮೂರು ವರ್ಷ ನನ್ನ ಜತೆ ಕನ್ನಡದಲ್ಲೇ ಮಾತಾಡಿದೋಳು, ಈಗ ಕನ್ನಡ ಸಂಜೆ ಹೊತ್ತಿಗೆ ಪೂರ್ತಿ ಹೋಗ್ಬಿಡುತ್ತೆ, ಬರೀ ತೆಲುಗು. ಇದೇ ನಮ್ಮನೆ ಕಣೇ ಅಂತೀನಿ, ನೋಡು ನಿನ್ನ ಫೋಟೋ ಗೋಡೆ ಮೇಲೆ ಅಂತೀನಿ, ಒಪ್ಪಲ್ಲ. ನನ್ನನ್ನ ಯಾರು ಅಂತ ಗೊತ್ತಾಗಲ್ಲ, ಅನ್ನಾ ಅಂತ ಕರೀತಾಳೆ, ತೆಲುಗಲ್ಲಿ ಅಣ್ಣ ಅಂತ. 'ಅನ್ನಾ, ಮಾ ಊರಿಕಿ ಬಸ್ಸು ಉಂದಾ' ಅಂತ ನನ್ನೇ ಕೇಳ್ತಾಳೆ, ನಮ್ಮೂರಿಗೆ ಬಸ್ಸಿದೆಯಾ ಅಂತ.

ಅಮ್ಮ ಕಾಯ್ತಿದಾಳೆ ಹೋಗ್ಬೇಕು ಅಂತಾಳೆ. ನಾನು ಒಂದಿನ ತಡೀಲಾರದೆ ನಿಮ್ಮಮ್ಮ ಹೋಗಿ ಇಪ್ಪತ್ತನಾಲ್ಕು ವರ್ಷ ಆಯ್ತಲ್ಲೇ ಅಂದ್ಬಿಟ್ಟೆ. ಅಯ್ಯೋ ಅವಳು ಅತ್ತಿದ್ದು ನೋಡ್ಬೇಕಿತ್ತು ನೀವು, ಆಗ್ಲೇ ಸುದ್ದಿ ಬಂದಂಗೆ ನೆಲಕ್ಕೆ ಕೂತು ಅತ್ಲು, ನನ್ನ ಮಣ್ಣಿಗೆ ಯಾಕೆ ಕರ್ಕೊಂಡೋಗ್ಲಿಲ್ಲ ಅಂತ ಎದೆ ಎದೆ ಬಡ್ಕೊಂಡ್ಲು. ಹೋಗಿದ್ಲು ಇವಳು, ನಾನೇ ಕರ್ಕೊಂಡೋಗಿದ್ದೆ, ಮೂರು ಹಿಡಿ ಮಣ್ಣು ಹಾಕಿದ್ಲು. ಮರುದಿನ ಸಂಜೆ ಮತ್ತೆ ಅದೇ ಕೇಳಿದ್ಲು, ಮತ್ತೆ ಹೇಳ್ದೆ, ಮತ್ತೆ ಅತ್ಲು. ನಾಕು ದಿನ ಹಿಂಗೇ ಆಯ್ತು.

ಮಗ ಕೆ.ಆರ್.ಪುರದಲ್ಲಿದಾನೆ, ಯೂಟ್ಯೂಬ್ ನೋಡ್ಕೊಂಡು ಅಪ್ಪಾ ನಿಜ ಹೇಳ್ತಾನೇ ಇರ್ಬೇಕು, ಸುಳ್ಳು ಹೇಳಿದ್ರೆ ಇನ್ನೂ ಗೊಂದಲ ಆಗುತ್ತೆ ಅಂತಾನೆ. ಮಗಳು ಸುಮ್ನೆ ಹೂಂ ಅನ್ನಪ್ಪ ಅಂತಾಳೆ. ನಲವತ್ತಮೂರು ವರ್ಷದಲ್ಲಿ ಇವಳಿಗೆ ನಾನು ಸುಳ್ಳು ಹೇಳಿದೋನಲ್ಲ, ಕಲೆಕ್ಷನ್ ದುಡ್ಡು ಶಾರ್ಟ್ ಬಂದು ಕೈಯಿಂದ ಕಟ್ಟಿದ್ದೂ ಇವಳಿಗೆ ಹೇಳ್ತಿದ್ದೆ. ಹಿಂಗಿರೋ ಹೆಂಡ್ತಿ ಗಂಡಂದಿರನ್ನ ನೋಡ್ಕೊತಿರೋರು ದಯವಿಟ್ಟು ಹೇಳಿ, ನಿಜ ಹೇಳ್ಬೇಕಾ, ಸುಳ್ಳು ಹೇಳ್ಬೇಕಾ?

ಕ್ಯಾತ್ಸಂದ್ರ_ಅಕ್ಕ

ಅಣ್ಣಾ, ನಾನು ತುಮಕೂರು. ನಮ್ಮ ಯಜಮಾನ್ರಿಗೆ ಇದು ಬಂದು ಆರು ವರ್ಷ ಆಯ್ತು. ದಯವಿಟ್ಟು ಅವರಮ್ಮ ಸತ್ತೋಗಿರೋ ವಿಷಯ ಇನ್ನೊಂದು ಸಲ ಹೇಳ್ಬೇಡಿ. ಅವ್ರಿಗೆ ನೀವು ಹೇಳಿದ್ದು ಮರೆತೋಗುತ್ತೆ, ಹಂಗಾಗಿ ಪ್ರತಿ ಸಲಾನೂ ಮೊದಲನೇ ಸಲ ಕೇಳ್ದಂಗೇ. ಮಾತು ಮರೆತೋದ್ರೂ ಆ ಸಂಕಟ ಮಾತ್ರ ಮೈಯಲ್ಲಿ ಉಳ್ಕೊಂಡಿರುತ್ತೆ, ರಾತ್ರಿ ಎಲ್ಲ ಯಾಕೆ ಅಂತ ಗೊತ್ತಿಲ್ದೆ ಕೊರಗ್ತಾ ಇರ್ತಾರೆ, ನಾನು ಕಣ್ಣಾರೆ ನೋಡಿದೀನಿ.

ನಮ್ಮನೆಯವ್ರು ಎಚ್‌ಎಂಟಿ ವಾಚ್ ಫ್ಯಾಕ್ಟ್ರೀಲಿ ಇದ್ದೋರು, ಅಸೆಂಬ್ಲಿ ಸೆಕ್ಷನ್ನು, ಮೂವತ್ತು ವರ್ಷದ ಮೇಲೆ ಕಣ್ಣಿಗೆ ಲೆನ್ಸ್ ಕಚ್ಕೊಂಡು ವಾಚ್ ಕೂಡ್ಸಿದ ಕೈ ಅದು. ಡಾಕ್ಟ್ರು ಮೊದಲನೇ ಸಲ ಪರೀಕ್ಷೆ ಮಾಡ್ದಾಗ ಒಂದು ಹಾಳೆ ಕೊಟ್ಟು ಗಡಿಯಾರ ಬರೀರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದ್ರು. ದುಂಡಗೆ ಚೆನ್ನಾಗೇ ಬರೆದ್ರು. ಆಮೇಲೆ ಹನ್ನೆರಡೂ ಅಂಕಿನ ಬಲಗಡೆನೇ ಒಂದರ ಮೇಲೊಂದು ಒತ್ತೊತ್ತಾಗಿ ತುಂಬಿಟ್ರು, ಎಡಗಡೆ ಪೂರ್ತಿ ಖಾಲಿ. ಮುಳ್ಳು ಎಲ್ಲಿಡೋದು ಅಂತ ಪೆನ್ನು ಹಿಡ್ಕೊಂಡು ನನ್ನ ಮುಖ ನೋಡಿದ್ರು. ಆ ಹಾಳೆ ಇವತ್ತಿಗೂ ನನ್ನ ಕಣ್ಮುಂದೆ ಇದೆ ಅಣ್ಣಾ.

ಇವ್ರದ್ದು ಬೆಳಗಿನ ಜಾವ. ನಾಲ್ಕೂವರೆಗೆ ಎದ್ದು ಶರ್ಟ್ ಹಾಕ್ಕೊಂಡು ಡಬ್ಬಿ ಕೊಡು ಶಿಫ್ಟ್‌ಗೆ ಹೊತ್ತಾಯ್ತು ಅಂತಾರೆ. ಮೊದಮೊದಲು ನಾನೂ ನಿಮ್ಮಂಗೇ, ಫ್ಯಾಕ್ಟ್ರಿ 2016ರಲ್ಲೇ ಮುಚ್ಚಿದಾರೆ ಕಣ್ರೀ, ನಿಮಗೆ 74 ಆಯ್ತು ಅಂತ ಬಿಡಿಸಿ ಬಿಡಿಸಿ ಹೇಳ್ತಿದ್ದೆ. ನಾನು ಅವರ ಕೆಲಸ ಕಿತ್ಕೊಂಡಂಗೆ ಆಡ್ತಿದ್ರು, ಒಂದಿನ ಬಾಗಿಲು ಹಾಕಿದ ರಭಸಕ್ಕೆ ನನ್ನ ಬೆರಳು ಸಿಕ್ಕಾಕ್ಕೊಂಡು ಉಗುರೇ ಹೋಯ್ತು. ಆಮೇಲೆ ಯೋಚನೆ ಮಾಡ್ದೆ, ಇವ್ರಿಗೆ ಬೇಕಾಗಿರೋದು ಫ್ಯಾಕ್ಟ್ರಿ ಅಲ್ಲ, ನಾನು ಕೆಲಸಕ್ಕೆ ಬರೋ ಮನುಷ್ಯ ಅನ್ನೋದು. ಈಗ ಡಬ್ಬಿಗೆ ಅವಲಕ್ಕಿ ಒಗ್ಗರಣೆ ಹಾಕ್ಕೊಡ್ತೀನಿ, ಇವತ್ತು ಸೆಕೆಂಡ್ ಶಿಫ್ಟು ಕಣ್ರೀ ಇನ್ನೂ ಟೈಮಿದೆ, ಕೂತ್ಕೊಳಿ ಅಂತೀನಿ. ಜಗಲಿ ಮೇಲೆ ಕೂತು ಡಬ್ಬಿ ತೆಗೆದು ತಿಂತಾರೆ. ಅವರದ್ದೇ ಒಂದು ಹಳೇ ಜನತಾ ವಾಚಿದೆ, ಕೀ ಕೊಡೋದು, ಕೈಗೆ ಕೊಟ್ರೆ ಕಿವಿ ಹತ್ರ ಇಟ್ಕೊಂಡು ಸದ್ದು ಕೇಳಿ ನಿಧಾನವಾಗಿ ಕೀ ತಿರುಗಿಸ್ತಾರೆ, ಎಲ್ಲಿ ನಿಲ್ಲಿಸ್ಬೇಕು ಅಂತ ಬೆರಳಿಗೆ ಇನ್ನೂ ಗೊತ್ತು. ಆಮೇಲೆ ತಾವೇ ಎದ್ದು ಒಳಗೆ ಬರ್ತಾರೆ.

ಅದಕ್ಕೆ ಹೇಳೋದು, ನಿಮ್ಮ ಮನೆಯವ್ರ ಕೈಗೆ ಗೊತ್ತಿರೋ ಕೆಲಸ ಯಾವುದಿದೆ ನೋಡಿ. ಈಗ ಅವರೆಕಾಯಿ ಕಾಲ. ರಾತ್ರಿ ಕಾಳು ನೆನೆಸಿಟ್ಟು ಸಂಜೆ ಐದು ಗಂಟೆಗೇ, ಅವರು ಬಾಗಿಲ ಹತ್ರ ಹೋಗೋಕ್ ಮುಂಚೆನೇ, ಬೇಸಿನ್‌ನಲ್ಲಿ ಹಾಕಿ ಮುಂದೆ ಇಡಿ. ನಮ್ಮ ಕಡೆ ಹೆಂಗಸ್ರಿಗೆ ಅವರೆಕಾಳು ಹಿಸುಕೋದು ತಲೆ ಹೇಳಿ ಮಾಡೋ ಕೆಲಸ ಅಲ್ಲ. ಪಕ್ಕದಲ್ಲೇ ಕೂತಿರಿ, ಹಸಿಕಾಳು ಬಾಯಿಗೆ ಹಾಕ್ಕೊಂಡಾರು.

ಕೋಲಾರ_ಸಿಸ್ಟರ್

ಅಂಕಲ್, ನಾನು ಸ್ಟಾಫ್ ನರ್ಸ್. ಮಾತಿನ ವಿಷಯ ಅಕ್ಕ ಚೆನ್ನಾಗಿ ಹೇಳಿದಾರೆ, ನಾನು ಮಾತ್ರೆ ವಿಷಯ ಹೇಳ್ತೀನಿ, ಇದು ಅರ್ಜೆಂಟು.

ಆ ಅವಿಲ್ ಬೇಡ. ನಿಮ್ಹಾನ್ಸ್ ಡಾಕ್ಟ್ರಿಗೆ ಗೊತ್ತಾ ನೀವು ಅದನ್ನ ಕೊಡ್ತಿರೋದು? ನೆಗಡಿ ತುರಿಕೆಗೆ ಕೊಡೋ ಈ ತರ ನಿದ್ದೆ ಬರ್ಸೋ ಹಳೇ ಮಾತ್ರೆಗಳು ಮೆದುಳಲ್ಲಿ ಅಸಿಟೈಲ್‌ಕೋಲಿನ್ ಅನ್ನೋ ಕೆಮಿಕಲ್‌ನ ತಡೀತವೆ. ಡೊನೆಪೆಜಿಲ್ ಕೊಡೋದೇ ಅದೇ ಕೆಮಿಕಲ್ ಜಾಸ್ತಿ ಹೊತ್ತು ಉಳೀಲಿ ಅಂತ. ಒಂದು ಕೈಲಿ ನೀರು ತುಂಬಿಸ್ತಾ ಇನ್ನೊಂದು ಕೈಲಿ ತೂತು ಕೊರೆದಂಗೆ ಆಗುತ್ತೆ. ಗೊಂದಲ ಜಾಸ್ತಿ ಆಗೋದು, ಮೂತ್ರ ಕಟ್ಟೋದು, ಮಲಬದ್ಧತೆ, ಎದ್ದಾಗ ಜೋಲಿ ಹೊಡೆದು ಬೀಳೋದು ಎಲ್ಲ ಆಗ್ಬಹುದು. ಸಂಜೆ ಕಾಟ ಈ ಒಂದು ತಿಂಗಳಲ್ಲಿ ಜೋರಾಯ್ತಾ ನೆನಪು ಮಾಡ್ಕೊಳಿ. ಇನ್ನೊಂದು, ಡೊನೆಪೆಜಿಲ್ ರಾತ್ರಿ ತಗೊಂಡ್ರೆ ಕೆಲವ್ರಿಗೆ ಕೆಟ್ಟ ಕನಸು, ನಿದ್ದೆ ಕೆಡೋದು ಆಗುತ್ತೆ, ಬೆಳಿಗ್ಗೆಗೆ ಬದಲಾಯಿಸ್ಬಹುದಾ ಅಂತ ಡಾಕ್ಟ್ರನ್ನ ಕೇಳಿ. ನೀವಾಗೇ ನಿಲ್ಲಿಸ್ಬೇಡಿ. ನಾಡಿ ನಿಧಾನ ಆಗೋದು, ವಾಂತಿ, ಭೇದಿ, ಊಟ ಸೇರ್ದೆ ಇರೋದು ಇದ್ರೆ ಅದನ್ನೂ ಹೇಳಿ. ಈ ಮಾತ್ರೆ ಕಾಯಿಲೆ ವಾಸಿ ಮಾಡಲ್ಲ, ಸ್ವಲ್ಪ ದಿನ ಕೈ ಹಿಡಿಯುತ್ತೆ ಅಷ್ಟೇ.

ಮರೆವು ನಿಧಾನಕ್ಕೆ ಹೆಚ್ಚಾಗೋ ಕಾಯಿಲೆ ಅಂಕಲ್. ಎರಡು ಮೂರು ದಿನದಲ್ಲಿ ದಿಢೀರ್ ಅಂತ ಕೆಟ್ರೆ ಅದು ಬೇರೆ ಏನೋ. ಹೆಂಗಸ್ರಲ್ಲಿ ಬಹಳ ಸಲ ಉರಿಮೂತ್ರದ ಇನ್ಫೆಕ್ಷನ್ ಇರುತ್ತೆ, ಉರಿ ಇದೆ ಅಂತ ಹೇಳೋಕೆ ಬರಲ್ಲ ಅವ್ರಿಗೆ, ಬರೀ ಕಿರುಚಾಡ್ತಾರೆ. ಬಿ12, ಥೈರಾಯ್ಡ್, ಸೋಡಿಯಂ ಕೊನೇ ಸಲ ಯಾವಾಗ ನೋಡಿದ್ರು? ಬೆಂಗಳೂರಿಗೇ ಓಡಬೇಕು ಅಂತಿಲ್ಲ. ನಿಮ್ಹಾನ್ಸ್ ಜತೆ ಸೇರ್ಕೊಂಡು ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಂತ ಶುರು ಮಾಡಿದಾಗ ಮೊದಲು ತಗೊಂಡಿದ್ದೇ ಜಯನಗರ ಆಸ್ಪತ್ರೆ, ನಮ್ಮ ಕೋಲಾರ ಎಸ್‌ಎನ್‌ಆರ್, ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆ. ಹಳೇ ಫೈಲ್, ಈಗ ಕೊಡ್ತಿರೋ ಮಾತ್ರೆ ಎಲ್ಲಾ ಒಂದು ಕವರಿಗೆ ಹಾಕ್ಕೊಂಡೋಗಿ. ಟೆಲಿ ಮಾನಸ್ 14416 ಫ್ರೀ, ರಾತ್ರಿ ಎಷ್ಟೊತ್ತಿಗಾದ್ರೂ ಮಾಡ್ಬಹುದು, ಕನ್ನಡದಲ್ಲೇ ಮಾತಾಡ್ತಾರೆ, ಇದು ನಿಮಗೋಸ್ಕರ ಹೇಳ್ತಿರೋದು, ಆಂಟಿಗೋಸ್ಕರ ಅಲ್ಲ.

ಮತ್ತೆ ಕತ್ತಲಾಗೋಕ್ ಮುಂಚೆ ಎಲ್ಲಾ ಲೈಟ್ ಹಾಕ್ಬಿಡಿ, ಕಿಟಕಿ ಪರದೆ ಎಳೀರಿ. ಅರೆಗತ್ತಲಲ್ಲಿ ನೆರಳು ನೋಡಿ ಯಾರೋ ಬಂದ್ರು ಅಂತ ಹೆದರ್ತಾರೆ. ಮಧ್ಯಾಹ್ನ ಜಾಸ್ತಿ ಮಲಗಿಸ್ಬೇಡಿ, ನಾಲ್ಕು ಗಂಟೆ ಮೇಲೆ ಕಾಫಿ ಬೇಡ.

ಗೌರಿಬಿದನೂರು_ಮೇಷ್ಟ್ರು

ಕಂಡಕ್ಟರ್ ಸಾಹೇಬ್ರೇ, ನನ್ನ ಹೆಂಡತಿ ಇದೇ ಕಾಯಿಲೆಯಲ್ಲಿ ಏಳು ವರ್ಷ ಇದ್ದು ಹೋದ್ರು. ಎಲ್ರೂ ಹೇಳ್ದಂಗೆ ನನಗೆ ಹೇಳೋಕಾಗಲ್ಲ. ನಾನು ಸುಳ್ಳು ಹೇಳ್ಲಿಲ್ಲ, ಹೇಳೋಕೆ ನಾಲಿಗೆ ಬರ್ಲಿಲ್ಲ. ಎಲ್ಲಾ ಮರೀತಾ ಹೋದೋಳಿಗೆ ಉಳ್ಕೊಂಡಿದ್ದು ನನ್ನ ಧ್ವನಿ ಒಂದೇ, ಅದೂ ಸುಳ್ಳಾಡಿದ್ರೆ ಹೆಂಗೆ ಅನ್ನಿಸ್ತಿತ್ತು.

ಹಂಗಂತ ಸತ್ತಿದಾರೆ ಅಂತಾನೂ ಹೇಳ್ತಿರ್ಲಿಲ್ಲ. ಎರಡರ ಮಧ್ಯೆ ಒಂದು ದಾರಿ ಇದೆ. ಅಮ್ಮ ಬೇಕು ಅಂದಾಗ ಅಮ್ಮನ ವಿಷಯ ಕೇಳ್ತಿದ್ದೆ, ನಿಮ್ಮಮ್ಮ ಅಲಸಂದೆಕಾಳು ಉಸ್ಲಿ ಹೆಂಗೆ ಮಾಡ್ತಿದ್ರು, ಎಣ್ಣೆ ಹಚ್ಚಿ ತಲೆ ಬಾಚೋರಾ, ಬೈಯೋರಾ ಅಂತ. ಒಂದು ಗಂಟೆ ಹೇಳ್ತಿದ್ಲು. ಅದೇ ಮಾತು ಐದು ಸಲ ಬರೋದು, ಬರ್ಲಿ. ಮನೆಗೆ ಹೋಗಣ ಅಂದ್ರೆ ಅವರಿಗೆ ಭಯ ಆಗ್ತಿದೆ, ಒಂಟಿ ಅನ್ನಿಸ್ತಿದೆ ಅಂತ ಅರ್ಥ ಅಂತ ನನಗೆ ಗೊತ್ತಾಗೋಕೆ ಎರಡು ವರ್ಷ ಹಿಡೀತು. ಒಂದೊಂದ್ಸಲ ಬರೀ ಹಸಿವೋ ಒಂದಕ್ಕೆ ಅವಸರವೋ ಇರೋದು, ಬಚ್ಚಲಿಗೆ ಕರ್ಕೊಂಡೋಗಿ ಬಂದ್ರೆ ಸಮಾಧಾನ ಆಗ್ತಿದ್ಲು.

ಚಪ್ಪಲಿ ಹಾಕಿಸಿ ಕೈ ಹಿಡ್ಕೊಂಡು ಬೀದಿ ಕೊನೇವರೆಗೂ ನಡೆದು ವಾಪಸ್ ಬನ್ನಿ, ಬಂದಾಗ ಬಾಗಿಲು ತೆಗೆದು ಮನೆ ಬಂತು ನೋಡು ಅನ್ನಿ. ಅದು ಸುಳ್ಳಲ್ಲ.

ಅವರ ಭಾಷೇಲೇ ಮಾತಾಡಿ. ಮೊದಲು ಕಲಿತ ಭಾಷೆ ಕೊನೇವರೆಗೂ ಉಳಿಯೋದು ಈ ಕಾಯಿಲೇಲಿ ಸಾಮಾನ್ಯ, ನಮ್ಮ ಗಡಿ ತಾಲ್ಲೂಕುಗಳಲ್ಲಿ ಎಷ್ಟು ಮನೇಲಿ ಇದೆ ಇದು. ನೀವು ಕನ್ನಡದಲ್ಲಿ ಗದರಿದ್ರೆ ಅವರಿಗೆ ಯಾರೋ ಬೇರೆಯೋರು ಗದರ್ದಂಗೆ.

ನಾನೂ ಒಂದು ಸಲ ಕೈ ಎತ್ತಿದ್ದೆ. ಹೊಡೀಲಿಲ್ಲ, ಎತ್ತಿದ್ದೆ. ಅವಳಿಗೆ ಮರುಕ್ಷಣ ಮರೆತೋಯ್ತು, ನನಗೆ ಇವತ್ತಿಗೂ ಮರೆತಿಲ್ಲ. ಅಂಥಾ ಹೊತ್ತು ಬಂದ್ರೆ ಬಾಗಿಲು ಭದ್ರ ಮಾಡಿ ಐದು ನಿಮಿಷ ಪಕ್ಕದ ರೂಮಲ್ಲಿ ಕೂತ್ಕೊಳಿ.

ಕ್ಯಾತ್ಸಂದ್ರ_ಅಕ್ಕ

ಮೇಷ್ಟ್ರೇ, ನಿಮ್ಮ ಮಾತು ಒಪ್ತೀನಿ, ಆದ್ರೆ ಎಲ್ರ ಹತ್ರ ಒಂದು ಗಂಟೆ ಮಾತಾಡೋ ಮಾತು ಉಳಿದಿರಲ್ಲ. ನಮ್ಮನೆಯವ್ರು ಈಗ ನಾಕು ಮಾತು ಆಡಿದ್ರೆ ಹೆಚ್ಚು. ಸೆಕೆಂಡ್ ಶಿಫ್ಟು ಅನ್ನೋದು ಸುಳ್ಳು ಅಂತ ನನಗೂ ಗೊತ್ತು, ಸಿದ್ಧಗಂಗೆ ಬೆಟ್ಟ ಹತ್ತಿ ಆ ಸ್ವಾಮಿ ಮುಂದೆ ಅತ್ತು ಬಂದಿದೀನಿ ಅದಕ್ಕೆ. ಅವರು ನೆಮ್ಮದಿಯಾಗಿ ಅವಲಕ್ಕಿ ತಿಂತಾರಲ್ಲ, ಆ ಸುಳ್ಳಿನ ಪಾಪ ನನಗಿರ್ಲಿ.

ಮತ್ತೆ ಅಣ್ಣಾ ನಿಮ್ಮ ಬಿಪಿ ಶುಗರ್ ಯಾವಾಗ ನೋಡಿಸ್ಕೊಂಡ್ರಿ? ನೀವು ಬರೆದಿರೋದ್ರಲ್ಲಿ ನಿಮ್ಮ ವಿಷಯ ಒಂದು ಸಾಲೂ ಇಲ್ಲ. ಮಗನಿಗೆ ಯೂಟ್ಯೂಬ್ ಬಿಟ್ಟು ತಿಂಗಳಿಗೆ ಎರಡು ಭಾನುವಾರ ಬಂದು ಅವರಮ್ಮನ ಜತೆ ಸಂಜೆ ಕಳೀ ಅನ್ನಿ, ನೀವು ಆವತ್ತು ಹೊರಗೆ ಹೋಗಿ. ಒಂದು ಸಂಜೆ ಕೂತ್ರೆ ಅವನಿಗೇ ಗೊತ್ತಾಗುತ್ತೆ.

ಬಂಗಾರಪೇಟೆ_ಮಗ

ನಮ್ಮ ತಂದೆದು ಇದೇ ಕೇಸ್, ಅಮ್ಮ ನೋಡ್ಕೊತಾರೆ. ಎರಡು ವಿಷಯ ಹೇಳ್ತೀನಿ.

ಬಾಗಿಲಿಗೆ ಚಿಲಕ ಎಲ್ಲಿದೆ? ನಮ್ಮಪ್ಪ ಒಂದು ರಾತ್ರಿ ಒಂದೂವರೆಗೆ ಎದ್ದು ಹೋಗ್ಬಿಟ್ಟಿದ್ರು, ಸ್ಟೇಷನ್‌ನಲ್ಲಿ ಬೆಂಚ್ ಮೇಲೆ ಸಿಕ್ಕಿದ್ರು, ಕಾಲಲ್ಲಿ ಚಪ್ಪಲಿ ಇಲ್ಲ, ಚಳೀಲಿ ನಡುಗ್ತಿದ್ರು. ಆವಾಗಿಂದ ಬಾಗಿಲ ಕೆಳಗಡೆ ನೆಲದ ಹತ್ರ ಒಂದು ಚಿಲಕ ಹಾಕ್ಸಿದೀವಿ, ಅಲ್ಲಿ ಹುಡುಕ್ಬೇಕು ಅಂತ ಅವರಿಗೆ ಹೊಳೆಯಲ್ಲ. ಹೊರಗಿಂದ ಬೀಗ ಹಾಕಿ ಒಬ್ರನ್ನೇ ಬಿಟ್ಟು ಮಾತ್ರ ಹೋಗ್ಬೇಡಿ. ಆಂಟಿ ರವಿಕೆ ಒಳಗಡೆ ಬಟ್ಟೆ ತುಂಡಲ್ಲಿ ನಿಮ್ಮ ಫೋನ್ ನಂಬರ್ ಬರೆದು ಹೊಲಿದುಬಿಡಿ. ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡೋದು ಅಭ್ಯಾಸ ಮಾಡ್ಕೊಳಿ.

ಎರಡನೇದು ಕಾಗದ ಪತ್ರ. ಸೈಟೋ ಮನೆಯೋ ಆಂಟಿ ಹೆಸರಲ್ಲಿದ್ರೆ, ಬ್ಯಾಂಕಲ್ಲಿ ಅವರೊಬ್ರ ಹೆಸರಲ್ಲಿ ಡೆಪಾಸಿಟ್ ಇದ್ರೆ ಬೇಗ ಒಬ್ಬ ವಕೀಲ್ರನ್ನ ಕೇಳಿ. ಜಿಪಿಎ, ಅಂದ್ರೆ ಅವರ ಪರವಾಗಿ ವ್ಯವಹಾರ ಮಾಡೋಕೆ ಬರ್ಕೊಡೋ ಅಧಿಕಾರ ಪತ್ರ, ಇದೆ ಸಾಕು ಅಂದ್ಕೊಂಡಿದ್ವಿ ನಾವು. ಬರ್ಕೊಟ್ಟೋರ ಬುದ್ಧಿ ಸ್ವಾಧೀನ ತಪ್ಪಿದ್ಮೇಲೆ ಕಾನೂನಲ್ಲಿ ಅದು ನಡೆಯಲ್ಲ, ಆಮೇಲೆ ಹೈಕೋರ್ಟ್‌ವರೆಗೂ ಹೋಗಿ ಗಾರ್ಡಿಯನ್ ಮಾಡಿಸ್ಕೊಬೇಕಾಗುತ್ತೆ. ಅವರಿಗೆ ತಿಳುವಳಿಕೆ ಇರೋ ದಿನಾನೇ, ಡಾಕ್ಟ್ರ ಸರ್ಟಿಫಿಕೇಟ್ ಜತೆ, ಆಗೋದನ್ನ ಮಾಡಿಸ್ಕೊಳಿ.

ನಿಮ್ಮ ಪೆನ್ಷನ್ ಲೈಫ್ ಸರ್ಟಿಫಿಕೇಟ್‌ಗೆ ಆಂಟೀನ ಬಿಟ್ಟು ಆಫೀಸಿಗೆ ಅಲೀಬೇಡಿ, ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡ್ಕೊಡ್ತಾರೆ.

ಚಿಂತಾಮಣಿ_ಕಂಡಕ್ಟರ್

ಎಲ್ರಿಗೂ ಕೈಮುಗಿದು ನಮಸ್ಕಾರ. ಹತ್ತು ದಿನ ಆಯ್ತು ಬರೆಯೋಕಾಗ್ಲಿಲ್ಲ.

ಸಿಸ್ಟರ್, ನೀವು ಹೇಳಿದ ದಿನಾನೇ ಡಾಕ್ಟ್ರಿಗೆ ಫೋನ್ ಮಾಡ್ಸಿ ಕೇಳ್ದೆ, ಅವಿಲ್ ಯಾರು ಕೊಡು ಅಂದ್ರು ಅಂತ ಬೈದ್ರು. ನಿಲ್ಸಿದೀನಿ. ಡೊನೆಪೆಜಿಲ್ ಬೆಳಿಗ್ಗೆ ತಿಂಡಿ ಆದ್ಮೇಲೆ ಕೊಡಿ ಅಂದ್ರು. ಮೊದಲ ಎರಡು ರಾತ್ರಿ ಇಬ್ರಿಗೂ ನಿದ್ದೆ ಇಲ್ಲ, ಈಗ ಮಧ್ಯೆ ಒಂದು ಸಲ ಏಳ್ತಾಳೆ ಅಷ್ಟೆ. ಬಿ12 ಕಡಿಮೆ ಇದೆ ಅಂತ ಇಂಜೆಕ್ಷನ್ ಶುರು ಮಾಡಿದಾರೆ.

ಚಿಲಕ ಕೆಳಗೆ ಹಾಕ್ಸಿದೆ. ಮನೆ ಇವಳ ಹೆಸರಲ್ಲಿದೆ, ಮಗ ವಕೀಲ್ರ ಹತ್ರ ಮಾತಾಡ್ತೀನಿ ಅಂದಿದಾನೆ, ಹೋದ ಭಾನುವಾರ ಬಂದಿದ್ದ. ಸಂಜೆ ಅವನ ಕೈ ಹಿಡ್ಕೊಂಡು ನೀನು ಯಾರ ಮಗಪ್ಪಾ ಅಂತ ಕೇಳಿದ್ಲು. ಅವನು ಎದ್ದು ಹಿತ್ತಲಿಗೆ ಹೋದ, ಬಹಳ ಹೊತ್ತು ಬರ್ಲಿಲ್ಲ. ಆಮೇಲೆ ನನಗೆ ಏನೂ ಹೇಳ್ಲಿಲ್ಲ, ಯೂಟ್ಯೂಬ್ ಮಾತೂ ತೆಗೀಲಿಲ್ಲ. ಈ ಭಾನುವಾರಾನೂ ಬರ್ತಾನಂತೆ.

ನಿನ್ನೆ ನಡೆದಿದ್ದು ಹೇಳ್ತೀನಿ. ಐದು ಗಂಟೆಗೇ ಎಲ್ಲಾ ಟ್ಯೂಬ್‌ಲೈಟ್ ಹಾಕಿ, ಅಕ್ಕ ಹೇಳ್ದಂಗೆ ಬೇಸಿನ್‌ನಲ್ಲಿ ಅವರೆಕಾಳು ಇಟ್ಟೆ. ಮೊದಲು ಸುಮ್ನೆ ನೋಡ್ತಿದ್ಲು. ನಾನು ಒಂದು ಕಾಳು ತಗೊಂಡು ಒತ್ತಿದ್ರೆ ಬೇಳೆ ಜಾರಿ ಎಲ್ಲೋ ಹೋಗಿ ಬಿತ್ತು, ಅದನ್ನ ನೋಡಿ ನನ್ನ ಕೈಯಿಂದ ಕಿತ್ಕೊಂಡ್ಲು, ಹೆಬ್ಬೆರಳು ತೋರುಬೆರಳು ಮಧ್ಯೆ ಇಟ್ಟು ಒತ್ತಿದ್ಲು ನೋಡಿ, ಬೇಳೆ ಬಟ್ಟಲಿಗೆ, ಸಿಪ್ಪೆ ಕೈಯಲ್ಲೇ. ಆಮೇಲೆ ಎರಡೂ ಕೈಲಿ. ಕಣ್ಣು ಬೇರೆ ಕಡೆ ಇದ್ರೂ ಕೈ ನಿಲ್ಲಲ್ಲ. ನಾನು ನೋಡ್ತಾನೇ ಕೂತೆ.

ಆರು ಗಂಟೆ ಹೊತ್ತಿಗೆ ತಲೆ ಎತ್ತಿ ಅನ್ನಾ, ಮಾ ಊರಿಕಿ ಬಸ್ಸು ಉಂದಾ ಅಂದ್ಲು. ಮೇಷ್ಟ್ರೇ, ನಿಮ್ಮ ಮಾತೂ ನೆನಪಾಯ್ತು, ಅಕ್ಕನ ಮಾತೂ ನೆನಪಾಯ್ತು, ಏನ್ ಹೇಳ್ಬೇಕು ಅಂತ ತೋಚ್ಲಿಲ್ಲ. ಬಾಯಲ್ಲಿ ತಾನಾಗೇ ಬಂತು, ಎಷ್ಟು ಸಾವಿರ ಸಲ ಹೇಳಿದ ಮಾತು ಅದು, 'ಉಂದಮ್ಮಾ, ಇಂಕಾ ರಾಲೇದು, ಕೂರ್ಚೋ, ವಸ್ತೇ ನೇನೇ ಚೆಪ್ತಾ.' ಬಸ್ಸಿದೆ, ಇನ್ನೂ ಬಂದಿಲ್ಲ, ಕೂತ್ಕೋ, ಬಂದಾಗ ನಾನೇ ಹೇಳ್ತೀನಿ ಅಂತ. ಬಸ್‌ಸ್ಟ್ಯಾಂಡಲ್ಲಿ ಮೂಟೆ ಇಟ್ಕೊಂಡು ಕೂತಿರೋ ಚೇಳೂರು ಕಡೆ ಮುದುಕೀರಿಗೆ ಹಿಂಗೇ ಹೇಳ್ತಿದ್ದೆ.

ಸರಿ ಅಂತ ತಲೆ ಆಡ್ಸಿದ್ಲು. ಆಮೇಲೆ ಸೆರಗಿನ ತುದೀಲಿ ಗಂಟು ಬಿಚ್ಚಿದ್ಲು, ಯಾವಾಗ ಕಟ್ಕೊಂಡಿದ್ಲೋ, ಐದು ರೂಪಾಯಿ ಕಾಯಿನ್ ಇತ್ತು, ಟಿಕೆಟ್‌ಗೆ ಅಂತ ನನ್ನ ಕೈಗೆ ಕೊಟ್ಲು. ಇಸ್ಕೊಂಡೆ. ಮತ್ತೆ ಕಾಳು ಹಿಸುಕೋಕೆ ಶುರು ಮಾಡಿದ್ಲು, ಏಳೂವರೆವರೆಗೂ ಎದ್ದೇ ಇಲ್ಲ. ಆ ಬೇಳೆನೇ ಹಾಕಿ ಸಾರು ಮಾಡ್ದೆ, ಮುದ್ದೆ ನಂದು ಗಂಟು ಗಂಟು, ಆದ್ರೂ ಒಂದು ಪೂರ್ತಿ ತಿಂದ್ಲು.

ಅವರೆಕಾಯಿ ಇನ್ನು ಒಂದು ತಿಂಗಳು ಸಿಗ್ಬಹುದು. ಅದಾದ್ಮೇಲೆ ಕೈಗೆ ಏನ್ ಕೊಡ್ಲಿ, ಯಾರಿಗಾದ್ರೂ ಗೊತ್ತಿದ್ರೆ ಹೇಳಿ. ಹುಣಸೆಹಣ್ಣು ಬಿಡಿಸೋದು ಆಗುತ್ತೇನೋ ಅಂದ್ಕೊಂಡಿದೀನಿ, ಚಾಕು ಬೇಕಾಗುತ್ತೆ ಅಂತ ಭಯ.